ಹನ್ನೆರಡು ನಿಮಿಷದ ಹೊರೆ

ಒಂಬತ್ತು ಜನರನ್ನು ಕೇಳಬಹುದು.
ಹತ್ತನೆಯವರನ್ನು ಕೇಳಬೇಕೆಂದರೆ
ಕೇಳುವುದಕ್ಕೇ ಬೇರೊಂದು ಅನುಮತಿ ಬೇಕು.
ಹಾಗಾಗಿ ಮೂರು ವರ್ಷಕ್ಕೊಮ್ಮೆ
ಮೇರಿಲ್ಯಾಂಡಿನ ಈ ನಾಲ್ಕನೇ ಮಹಡಿಯಲ್ಲಿ
ಕಿವಿಗೆ ಫೋನು ಸಿಕ್ಕಿಸಿಕೊಂಡು ಒಂಬತ್ತು ಜನರನ್ನು ಕೇಳುತ್ತೇನೆ:
ನಮ್ಮ ಫಾರಂ ತುಂಬಲು ಎಷ್ಟು ಹೊತ್ತು ಹಿಡಿಯಿತು?

ಸರ್ಕಾರದ ಕಡತದಲ್ಲಿ ಇದರ ಹೆಸರು ಹೊರೆ.
ಹುಲ್ಲಿನದಲ್ಲ, ಸೌದೆಯದಲ್ಲ,
ಸಿಂಬಿಯಿಟ್ಟು ತಲೆಯ ಮೇಲೆ ಹೊರುವಂಥದಲ್ಲ.
ಗಂಟೆಯಲ್ಲಿ ಅಳೆಯುವ ಹೊರೆ,
ದಶಮಾಂಶದ ಚುಕ್ಕೆಯಾಚೆ ಎರಡೇ ಅಂಕಿ.

ಅಟ್ಲಾಂಟಾದ ವಿಮಾನ ಕಂಪನಿಯ ಲೆಕ್ಕಿಗ ಚುರುಕು.
ಪ್ರಯಾಣಿಕರ ತಲೆ ಎಣಿಸಿ, ತಪಾಸಣೆಯ ಶುಲ್ಕದಿಂದ ಗುಣಿಸಿ
ಮೂರು ತಿಂಗಳಿಗೊಮ್ಮೆ ಕಳಿಸುತ್ತಾನಂತೆ. ಅರ್ಧ ಗಂಟೆ.
"ನಡುವೆ ಕಾಫಿ ಕುಡಿದರೆ ಅದನ್ನೂ ಸೇರಿಸಲೇ?"
ಬೇಡ ಎಂದೆ.
ಡೆಲಾವೇರ್ ಬಂದರಿನ ಮುದುಕ ಏಜೆಂಟ್ ಓರ್ಲಿನ್ ಪ್ರುವಿಟ್
ದ್ರಾಕ್ಷಿ ತಂದ ಹಡಗುಗಳ ಹೆಸರನ್ನೆಲ್ಲ ಹೇಳಿದ,
ನಿಮಿಷ ಮಾತ್ರ ಹೇಳಲಿಲ್ಲ.
ಆರಿಗಾನಿನ ನರ್ಸರಿಯವನು ಫೋನಿಟ್ಟ.

ಗಡಿಸೇತುವೆಯ ಲಾರಿ ಚಾಲಕ ಎಲೆಯೂತೇರಿಯೊ ನಕ್ಕ:
"ಬರೆಯೋದಕ್ಕಾ, ಕಾಯೋದಕ್ಕಾ?
ಬರೆಯೋದಕ್ಕೆ ನಾಲ್ಕು ನಿಮಿಷ.
ನಿಂಬೆಯ ಪೆಟ್ಟಿಗೆ ಬಿಚ್ಚಿ, ದೀಪ ಹಿಡಿದು,
ಬೂದು ಹುಳುವೊಂದನ್ನು ಸೀಸೆಗೆ ಹಾಕಿಕೊಂಡು
ಒಳಗೆ ಹೋದವಳು ಹೊರಗೆ ಬರೋ ತನಕ ಏಳು ಗಂಟೆ.
ಶೀತದ ಮೋಟಾರು ಅಷ್ಟೂ ಹೊತ್ತು ಡೀಸೆಲ್ ಕುಡೀತಾ ಇತ್ತು."
ನಾಲ್ಕು ಎಂದು ಬರೆದೆ.
ಕಾಯುವುದಕ್ಕೆ ನಮ್ಮಲ್ಲಿ ಖಾನೆ ಇಲ್ಲ.

ಒಂಬತ್ತನೆಯವಳು ಟೆಕ್ಸಸ್ಸಿನ ತೆಂಕಣ ಅಂಚಿನವಳು, ಸುಲೇಮಾ ಓಚೋವಾ.
ಕೆಂಪು ತಿರುಳಿನ ಗ್ರೇಪ್‌ಫ್ರೂಟ್, ನೂರ ಹನ್ನೆರಡು ಮರ ಇವೆ,
ಇದ್ದವು, ಎಂದು ತಾನೇ ತಿದ್ದಿಕೊಂಡಳು.
ಎಲೆಯಡಿಯಲ್ಲಿ, ಹೇನಿಗೂ ಚಿಕ್ಕದು,
ಹಿಂಬದಿ ಎತ್ತಿ ತಲೆ ತಗ್ಗಿಸಿ
ಇಗರ್ಜಿಗೆ ಬಂದವರ ಹಾಗೆ ಕೂತಿತ್ತಂತೆ.
ಎಲೆ ಅಲ್ಲಲ್ಲಿ ಹಳದಿ, ಎಡಕ್ಕೊಂದು ಬಲಕ್ಕೊಂದು.
ಕಿತ್ತಳು. ಗಂಡನ ಖಾಲಿ ಮಾತ್ರೆ ಡಬ್ಬಿಯೊಳಗೆ ಹಾಕಿ
ಮುಚ್ಚಳ ತಿರುಗಿಸಿ ಫ್ರಿಜ್ಜಿನಲ್ಲಿಟ್ಟಳು.

ಮೂರು ದಿನ ಅದು ಅಲ್ಲೇ ಇತ್ತು.
ಹಾಲಿಗೆ ಬಾಗಿಲು ತೆರೆದರೆ ಕಾಣುತ್ತಿತ್ತು,
ಮೊಟ್ಟೆಗೆ ಕೈ ಹಾಕಿದರೆ ತಾಗುತ್ತಿತ್ತು.
ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಂದಳು,
ಬೇಲಿಯಾಚೆಯ ಎಳೆ ಗಿಡಗಳಿಗೆ ಗೊತ್ತಾಗುವ ತನಕ.

ನಾಲ್ಕನೇ ರಾತ್ರಿ ಪಾತ್ರೆ ತೊಳೆದು, ಕೈ ಒರೆಸಿ, ಕೂತು ತುಂಬಿದಳು:
ಮರದ ಜಾತಿ. ಕಂಡ ದಿನ. ಕಂಡವರ ಹೆಸರು.
"ಹನ್ನೆರಡು ನಿಮಿಷ. ಒಲೆಯ ಗಡಿಯಾರ ನೋಡಿದ್ದೆ.
ನಿಮ್ಮ ಫಾರಂ ಚೆನ್ನಾಗಿದೆ, ದಪ್ಪ ಅಕ್ಷರ."

ಧನ್ಯವಾದ ಎನ್ನುವಷ್ಟರಲ್ಲಿ ಕೇಳಿದಳು:
ಆ ಡಬ್ಬಿ ವಾಪಸು ಬರುತ್ತದೆಯೇ?
ಅದರ ಚೀಟಿಯಲ್ಲಿ ಅವನ ಹೆಸರಿತ್ತು,
ರಾತ್ರಿ ಊಟವಾದ ಮೇಲೆ ಒಂದು, ಅಂತಿತ್ತು.
ಮರಗಳನ್ನು ನೆಟ್ಟಾಗ ನಾನಿನ್ನೂ ಅವನ ಮನೆಗೆ ಬಂದಿರಲಿಲ್ಲ,
ಮಾತ್ರೆ ಮಾತ್ರ ನಾನೇ ಕೊಡುತ್ತಿದ್ದೆ.

ಯಾವ ಪ್ರಯೋಗಾಲಯ, ಯಾವ ಕಪಾಟು,
ಹುಳುವಿನ ಜೊತೆ ಸುಟ್ಟೇ ಬಿಟ್ಟರೋ, ನನಗೆ ತಿಳಿಯದು.
ವಿಚಾರಿಸುತ್ತೇನೆ ಎಂದೆ.
ವಿಚಾರಿಸಲು ಯಾವ ಫಾರಂ, ಅದೂ ತಿಳಿಯದು.

ಸಂಜೆ ಸಿಕ್ಕ ಉತ್ತರಗಳನ್ನು ಕೂಡಿಸಿದೆ, ಭಾಗಿಸಿದೆ.
ಅವಳ ಸಾಲಿನಲ್ಲಿ ೦.೨೦.
ಹಳದಿ ಅಂಟುಚೀಟಿಯೊಂದರ ಮೇಲೆ ಡಬ್ಬಿ, ಓಚೋವಾ ಎಂದು ಬರೆದು
ಪರದೆಯ ಅಂಚಿಗೆ ಹಚ್ಚಿದೆ. ಏಸಿಯ ಗಾಳಿಗೆ ಅದು ಪಟಪಟ ಎನ್ನುತ್ತದೆ.
ಗಂಡನ ಹೆಸರು ಕೇಳಲು ಮರೆತೆ.
ಈಗ ಮತ್ತೆ ಫೋನು ಮಾಡಿದರೆ
ಅವಳು ಒಂಬತ್ತನೆಯವಳೋ, ಹತ್ತನೆಯವಳೋ?