ಈ ತಿಂಗಳ ಓದಿಗೆ

ಜಿಲ್ಲಾ ಕಚೇರಿಯಿಂದ ಪಟ್ಟಿ ಬಂದಿದೆ,
ಎರಡು ಕಾಲಮ್ಮು: ಕಥೆ, ಕಥೆಯಲ್ಲದ್ದು.
ಬಾಗಿಲ ಪಕ್ಕದ ಕರಿಹಲಗೆಯ ಮೇಲೆ
ದುಂಡಗೆ ಬರೆದು ಹಾಕಬೇಕಂತೆ.
ಬರೆದರೆ ಸಂಜೆಯೊಳಗೆ ಸೀಮೆಸುಣ್ಣ ಬೆವರಿ
ಶೀರ್ಷಿಕೆಗಳು ಒಂದರ ಮೇಲೊಂದು ಇಳಿಯುತ್ತವೆ.
ಬೈತಖೋಲದ ಗಾಳಿಗೆ ಅಕ್ಷರ ನಿಲ್ಲುವುದಿಲ್ಲ.

ಅದಕ್ಕೇ ಬಾಯಲ್ಲಿ ಹೇಳುತ್ತೇನೆ.

ಜೂನ್ ಒಂದಕ್ಕೆ ಬೋಟು ದಡ ಸೇರಿದರೆ
ಅರವತ್ತೊಂದು ದಿನ ನನಗೆ ಸುಗ್ಗಿ.
ಉಳಿದ ಕಾಲದಲ್ಲಿ ಪೇಪರಿನವರು,
ಕೆಪಿಎಸ್‌ಸಿ ಹುಡುಗರು,
ಫ್ಯಾನಿಗೆಂದೇ ಬರುವ ಇಬ್ಬರು ಪೆನ್ಶನ್‌ದಾರರು.
ಈಗ ನೋಡಿ, ಹಗ್ಗ ಎಳೆದ ಕೈಗಳು
ಕಪಾಟಿನೆದುರು ಏನು ಮಾಡಬೇಕೋ ತಿಳಿಯದೆ
ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿವೆ.

"ದಪ್ಪದ್ದು ಕೊಡಿ ಅಕ್ಕೋರೆ," ಅಂದ ಸೂರಜ ತಾಂಡೇಲ,
"ಆಗಸ್ಟ್‌ವರೆಗೆ ಬಾಳಿಕೆ ಬರಬೇಕು."
ಮೂರು ತಲೆಮಾರು, ಒಂದು ಬಾವಿ, ಹನ್ನೊಂದು ಸಾವು
ಇರುವ ಕಾದಂಬರಿ ಕೊಟ್ಟೆ.
ಎಂಟನೇ ದಿನಕ್ಕೆ ತಂದು ಮೇಜಿಗಿಟ್ಟ:
"ಬಾವಿಗೆ ಆಕೆ ಬಿದ್ದಳೋ, ಯಾರಾದರೂ ದೂಡಿದರೋ?
ಬರೆದವನಿಗೇ ಗೊತ್ತಿಲ್ಲ."
ಇನ್ನೊಂದು ಸಲ ಓದಲು ಒಯ್ದ.

ಪ್ರೇಮಲಾ ಬಾನಾವಳಿಕರಳಿಗೆ ನಗಿಸುವಂಥದೇ ಆಗಬೇಕು.
"ಅಳುವುದು ಬೇಡ, ಉಪ್ಪು ನನ್ನತ್ರವೇ ಸಾಕಷ್ಟಿದೆ."
ಒಣಮೀನಿನ ವಾಸನೆ ಹತ್ತಿದ ನಗೆಬರಹ
ವಾಪಸು ಬಂದಾಗ ಜಿಲ್ಲಾಧಿಕಾರಿ ದಂಡ ಹಾಕು ಅಂದರೂ
ಹಾಕುವವಳಲ್ಲ ನಾನು.
ಎರಡು ಬೆಕ್ಕು ಮಾತ್ರ ಆ ಕಪಾಟು ಬಿಟ್ಟು ಏಳುತ್ತಿಲ್ಲ.

ಇನಾಸ ಡಿಸೋಜನ ಮಗನಿಗೆ ಒಂಬತ್ತು ವರ್ಷ.
ಕಡಲಜೀವಿಗಳ ಬಣ್ಣದ ಪುಸ್ತಕ ಕೊಟ್ಟಿದ್ದೆ.
'ಪುಟಗಳ ಮೇಲೆ ಬರೆಯಬಾರದು' ಎಂಬ
ನನ್ನದೇ ಕೈಬರಹದ ಕೆಳಗಿಂದಲೇ ಶುರುಮಾಡಿ
ಪೆನ್ಸಿಲಿನಲ್ಲಿ ತಿದ್ದಿದ್ದಾನೆ:
ಇದು ಲೇಪೊ. ಇದು ನೊಗ್ಲಿ.
ಇದನ್ನು ಅಪ್ಪ ವಾಪಸು ಬಿಡುತ್ತಾನೆ.
ರಬ್ಬರು ಹುಡುಕಿದೆ.
ಸಿಕ್ಕಿತು; ಡ್ರಾವರಿನೊಳಗೇ ಇಟ್ಟೆ.

ಇಷ್ಟೆಲ್ಲ ಆದಮೇಲೆ, ಒಂದು ಬುಧವಾರ,
ಛತ್ರಿ ಹೊರಗಿಟ್ಟು ಸೋಮಿ ಹರಿಕಂತ್ರ ಬಂದಳು.
"ಓದಲು ಬರುವುದಿಲ್ಲ. ಕೇಳಲು ಬರುತ್ತದೆ.
ನಮ್ಮೂರು ಇರುವ ಪುಸ್ತಕ ಉಂಟಾ?"

ಅವಳೂರು ನೌಕಾನೆಲೆಯ ಗೋಡೆಯಾಚೆ ಹೋದದ್ದು.
ಬಸ್ಸಿನಲ್ಲಿ ಹೋಗುವಾಗ
ಇಂದಿಗೂ ಆ ಬದಿಯ ಸೀಟೇ ಹಿಡಿಯುತ್ತಾಳಂತೆ,
ಕಾಣುವುದು ಬರೀ ಕಲ್ಲು.

ಏಣಿ ಹತ್ತಿದೆ.
ಮೇಲಿನ ಅಟ್ಟೆಯ ಹಳೇ ಗೆಜೆಟಿಯರು,
ಬೆಳ್ಳಿಹುಳು ತಿಂದು ಅಂಚು ಕರಾವಳಿಯಾಗಿದೆ.
ಪುಟ ಇನ್ನೂರ ಹನ್ನೆರಡು, ಮೇಲಿಂದ ಆರನೇ ಸಾಲು:
ಮನೆ ನಲವತ್ತು. ದೋಣಿ ಹದಿನಾರು.
ಕುಡಿಯುವ ನೀರು ಒಳ್ಳೆಯದು.

"ಮತ್ತೆ?"
ಮತ್ತೇನಿಲ್ಲ, ಮುಂದಿನದು ಬೇರೆ ಊರು.
"ಹಾಗಾದರೆ ಅದನ್ನೇ ಇನ್ನೊಮ್ಮೆ."
ನಾಲ್ಕು ಸಲ ಓದಿಸಿದಳು.
ಮನೆ, ದೋಣಿ ಎರಡಕ್ಕೂ ಸುಮ್ಮನಿದ್ದವಳು
ನೀರಿಗೆ ಬಂದಾಗಲೆಲ್ಲ ತಲೆಯಾಡಿಸಿದಳು.
"ಕುಡಿಯದೆ ಹಾಗೆ ಬರೆಯಲಾರ ಆ ಸಾಹೇಬ.
ಯಾರ ಬಾವಿಯದು ಕುಡಿದನೋ!"

ಆಮೇಲೆ ಶುರುವಾಯಿತು:
ಗಣಪು ಮನೆಯದು ಸಿಹಿ, ಆದರೆ ಆಳ.
ದೇವಸ್ಥಾನದ ಹಿಂದಿನದು ಉಬ್ಬರಕ್ಕೆ ಸ್ವಲ್ಪ ಸಪ್ಪೆ.
ನಮ್ಮದರಲ್ಲೊಂದು ಆಮೆಯಿತ್ತು,
ಊರು ಬಿಡುವ ದಿನ ಅದನ್ನು ಮೇಲೆತ್ತಲು
ಯಾರಿಗೂ ನೆನಪಾಗಲಿಲ್ಲ.

ಸೂರಜ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದ.
ಪೆನ್ಶನ್‌ದಾರರೊಬ್ಬರು ಎದ್ದು ಫ್ಯಾನು ನಿಲ್ಲಿಸಿದರು,
ಅದು ಗರಗರ ಅನ್ನುತ್ತದೆಂದು.

ಜಿಲ್ಲಾ ಕಚೇರಿಗೆ ವರದಿ ಕಳಿಸಬೇಕು,
ಈ ತಿಂಗಳು ಹೆಚ್ಚು ಓದಿಸಿಕೊಂಡದ್ದು ಯಾವುದು,
ಯಾವ ಕಾಲಮ್ಮಿಗೆ ಸೇರಿದ್ದು.
ಆಮೆಯನ್ನು ಎಲ್ಲಿ ಬರೆಯಲಿ?

ಶಿಫಾರಸು, ಸದ್ಯಕ್ಕೆ, ಇದೊಂದೇ:
ಗೆಜೆಟಿಯರು, ಮೊದಲೇ ಹೇಳಿದ ಪುಟ, ಆರನೇ ಸಾಲು.
ಪರಾಮರ್ಶನ ವಿಭಾಗದ ಮುದ್ರೆ ಬಿದ್ದದ್ದಾದ್ದರಿಂದ
ಇಲ್ಲೇ ಕೂತು ಓದಬೇಕು,
ಮನೆಗೆ ಒಯ್ಯುವಂತಿಲ್ಲ.
ನೀರಡಿಸಿದವರಿಗೆ ಕಿಟಕಿಯ ಹತ್ತಿರ ಮಡಕೆಯಿದೆ.