ನಡೆಯದ್ದರ ಲೆಕ್ಕ

ಕ್ಲಬ್ಬಿನ ಕಾರ್ಯದರ್ಶಿ ಕೊಟ್ಟ ಹಾಳೆಯಲ್ಲಿ
ಐದು ಕಾಲಂ: ಹೆಸರು, ಗೋಲು, ಪಾಸು, ಓಟ, ಒಟ್ಟು.
ಮೊದಲ ವರ್ಷದ ಹುಡುಗರು ಇಪ್ಪತ್ತೆರಡು,
ಟ್ರೋಫಿ ಒಂದು,
ಆರಿಸುವವರು ಮೂವರು. ಮೂರನೆಯವ ನಾನು,
ಶಿರಿಯದ ಶಾಲೆಯಲ್ಲಿ ಮೂವತ್ತು ವರ್ಷ ಸೀಟಿ ಊದಿ
ಈಗ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವವ.

ಮೊಗ್ರಾಲಿನ ಬಯಲು. ಮುರಕಲ್ಲಿನ ಕೆಂಪು ಹುಡಿ.
ಆಚೆ ರೈಲುಹಳಿ, ಹಳಿಯಾಚೆ ಕಡಲು.

ಉನೈಸ್ ಎರಡು ಗೋಲು ಹೊಡೆದ.
ಒದ್ದದ್ದು ಒಂಬತ್ತು ಸಲ.
ಉಳಿದ ಏಳನ್ನು ಹೆಕ್ಕಲು ಸಣ್ಣ ಮಕ್ಕಳು
ಹಳಿಯ ತನಕ ಓಡಿದ್ದು ಯಾವ ಕಾಲಮ್ಮಿನಲ್ಲೂ ಇಲ್ಲ.
ಬೇಲಿಗೊರಗಿದ ಊರು ಮಲಯಾಳದಲ್ಲಿ ಕೂಗಿತು,
ತುಳುವಿನಲ್ಲಿ ಬೈದು ಮುದ್ದಿಸಿತು,
ಬ್ಯಾರಿಯಲ್ಲಿ ಅವನ ಅಜ್ಜನ ಹೆಸರೆತ್ತಿ ಕುಣಿಯಿತು.

ಅದೇ ತಂಡದ ಬಲಬದಿಯ ಬ್ಯಾಕು ಬಬಿನ್ ಬೆಳ್ಚಪ್ಪಾಡ.
ಅವನ ಸಾಲಿನಲ್ಲಿ: ಸೊನ್ನೆ, ನಾಲ್ಕು, ಸಾಧಾರಣ.
ನಾನು ಕಂಡದ್ದು ಬೇರೆ.
ಎದುರಿನ ಎಡಗಾಲಿನ ಹುಡುಗ ಮೂರು ಸಲ ಅವನತ್ತ ಬಂದ,
ನಾಲ್ಕನೆಯ ಸಲ ಆ ಕಡೆ ತಲೆ ಹಾಕಲಿಲ್ಲ.
ಅಷ್ಟು ದೊಡ್ಡ ಬಯಲಿನ ಒಂದು ಮೂಲೆ
ಒಬ್ಬ ಹುಡುಗ ಸುಮ್ಮನೆ ನಿಂತದ್ದಕ್ಕೆ
ಖಾಲಿಯಾಯಿತು.
ಬಾರದ ಚೆಂಡಿಗೆ, ಹೋಗದ ಪಾಸಿಗೆ
ಅಂಕ ಎಷ್ಟು?
ಏಳು ಭಾಷೆಯ ಸೀಮೆ ಇದು;
ತಡೆದು ನಿಂತವನಿಗೆ ಕೂಗಲು
ಒಂದರಲ್ಲೂ ಶಬ್ದವಿಲ್ಲ.

ಅವನ ಹಿಂದೆ ಕಂಬಗಳ ನಡುವೆ
ಬೇಳದ ಲವಿನ್ ಕ್ರಾಸ್ತಾ.
ನಲುವತ್ತು ನಿಮಿಷ ಕೆಲಸವೇ ಇಲ್ಲ.
ಗ್ಲೌಸು ಬಿಚ್ಚಿದ, ಹಲ್ಲಿನಲ್ಲಿ ಕಚ್ಚಿ ಬಿಗಿದ,
ಕಂಬಕ್ಕೆ ಬೂಟು ತಟ್ಟಿ ಮಣ್ಣುದುರಿಸಿದ.
ಆಮೇಲೆ ಒಂದು ಚೆಂಡು, ಎಡಬದಿಯಿಂದ. ಒಂದೇ ಒಂದು.
ಕೈಯಡಿಯಲ್ಲಿ ನುಸುಳಿ ಬಲೆಗೆ ಬಿತ್ತು.
ಓಟೆ ಕೈ, ಎಂದ ಅಂದುಞಿ, ಗೀಟು ಎಳೆದು.
ಉನೈಸನ ಏಳು ತಪ್ಪು ಗಾಳಿಗೆ ಹೋದವು;
ಲವಿನನದು ಒಂದೇ, ಶಾಯಿಯಲ್ಲಿ.

ನಾನೆಂದೆ: ಬಂಗುಡೆಯನ್ನು ಕಿಲೋದಲ್ಲಿ ಕೇಳುತ್ತೇವೆ,
ಮಲ್ಲಿಗೆಯನ್ನು ಚೆಂಡಿನಲ್ಲಿ,
ಮಕ್ಕಳನ್ನು ಮಾತ್ರ ಗೋಲಿನಲ್ಲೇ ಯಾಕೆ?
ಮುಂದಾಡುವವನನ್ನು ಮುಂದಾಡುವವರ ಜೊತೆ ತೂಗಿ,
ಕಾಯುವವನನ್ನು ಕಾಯುವವರ ಜೊತೆ.
ವಾಮನ ಪಾಟಾಳಿ ನಕ್ಕ:
ಆಮೇಲೆ ಟ್ರೋಫಿಯನ್ನು ಗರಗಸದಲ್ಲಿ ಕೊಯ್ಯುವುದಾ ಮಾಷ್ಟ್ರೇ?

ನನ್ನಲ್ಲಿ ಉತ್ತರವಿರಲಿಲ್ಲ.
ಅವರು ಚಹಾಕ್ಕೆ ಹೋದರು.

ನಾನು ಬಯಲು ದಾಟಿ ಮೂಡಣ ಗೋಲಿಗೆ ಹೋದೆ.
ಲವಿನ್ ನಿಂತು ನಿಂತು ಆದ ಗುಳಿಯಲ್ಲಿ
ನನ್ನ ಚಪ್ಪಲಿ.
ಕಡಲಿನ ಮೇಲಿನ ಸೂರ್ಯ ನೇರ ಕಣ್ಣೊಳಗೆ.
ಮೊದಲರ್ಧದಲ್ಲಿ ಇಲ್ಲಿ ನಿಂತವನಿಗೆ ಮೋಡವಿತ್ತು,
ಅದೂ ನೆನಪಾಯಿತು.
ಬೆಳಕಿನೊಳಗಿಂದ ಯಾರೋ
ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು.
ಸುಂಕದವನೋ, ಮೀನಿನವನೋ,
ಹಣೆಗೆ ಕೈ ಹಿಡಿದರೂ ತಿಳಿಯಲಿಲ್ಲ.
ಎಂತ ಮಾಷ್ಟ್ರೇ, ಇಲ್ಲಿ? ಎನ್ನುವ ತನಕ
ಅದು ಬಬಿನ್ ಎಂದು ಗೊತ್ತಾಗಲಿಲ್ಲ.

ಅವನು ಬ್ರೇಕಿನ ತಂತಿ ತಿರುಚುತ್ತ ಹೇಳಿದ:
ಆ ಗೋಲು ಲವಿನನದ್ದಲ್ಲ, ನಂದು.
ನಾನೇ ಅಲ್ಲವಾ ಅವನನ್ನು ಆಚೆ ಬದಿಗೆ ಓಡಿಸಿದ್ದು?

ಟ್ರೋಫಿ ಉನೈಸನಿಗೇ ಹೋಯಿತು. ಹೋಗಲಿ.
ಅವನ ಎರಡನೆಯ ಗೋಲಿಗೆ
ಪೆನ್ನು ಬೀಳಿಸಿ ಎದ್ದು ನಿಂತವರಲ್ಲಿ ನಾನೂ ಒಬ್ಬ.

ರಾತ್ರಿ ಹಾಳೆಯ ಬೆನ್ನಿನ ಬಿಳಿಯಲ್ಲಿ
ಆರನೆಯ ಕಾಲಂ ಎಳೆದೆ:
ಬಿಸಿಲು ಯಾವ ಕಡೆಯಿಂದ.
ಏಳನೆಯದನ್ನೂ ಎಳೆದೆ, ಬಬಿನ್ ಹೇಳಿದ್ದಕ್ಕೆ.
ತಲೆಬರಹ ಹೊಳೆಯಲಿಲ್ಲ.
ಸ್ಕೇಲು ಇಟ್ಟು, ಜಾಗ ಸ್ವಲ್ಪ ಅಗಲ ಬಿಟ್ಟೆ.