ಉಬ್ಬರದವರೆಗೆ ಮುಂದೂಡಲಾಗಿದೆ

ನಮ್ಮ ಕೋರ್ಟಿಗೆ ಕಂಬಗಳಿಲ್ಲ, ಮೆಟ್ಟಿಲಿಲ್ಲ.
ಹತ್ತು ಮಾರು ಉದ್ದದ ಮರದ ದೋಣಿ,
ಹೆಸರು ಬೊವಾ ಎಸ್ಪೆರಾ. ಒಳ್ಳೆಯ ಕಾಯುವಿಕೆ ಅಂತ ಅರ್ಥ;
ಹೆಸರಿಟ್ಟವನಿಗೆ ಏನು ಗೊತ್ತಿತ್ತೋ.
ಅಮೆಜಾನು ಕಡಲಿಗೆ ಬಾಯಿ ತೆರೆಯುವಲ್ಲಿ
ಮರಗಾಲು ಕಟ್ಟಿಕೊಂಡು ನಿಂತ ಮನೆಗಳಿಗೆ
ತಿಂಗಳಿಗೊಮ್ಮೆ ಬರುತ್ತೇವೆ, ಕಾನೂನು, ಜ್ವರದ ಮಾತ್ರೆ,
ಹುಟ್ಟಿದವರ ಹೆಸರು ಬರೆಯಲು ಖಾಲಿ ಹಾಳೆ ಹೊತ್ತು.
ನಾನು ಗುಮಾಸ್ತ. ಮೊಹರು ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ.
ನ್ಯಾಯಾಧೀಶೆ ಜುಲೈಡೆಯವರ ಕರಿ ನಿಲುವಂಗಿ
ಒಣಮೀನಿನ ಪಕ್ಕದ ಹಗ್ಗದಲ್ಲಿ.

ಆ ಸಲ ಊರು ಇನ್ನೂ ಎರಡು ತಿರುವು ಇರುವಾಗ
ಟ್ಯಾಂಕು ಸೋರಿ ಡೀಸೆಲ್ ಬರಿದಾಯಿತು.
ಇಳಿತದ ನೀರು ನಮ್ಮನ್ನು ಕೆಸರಿನ ಮೇಲೆ ಕೂರಿಸಿ
ತನ್ನ ಪಾಡಿಗೆ ಕಡಲಿಗೆ ಹೋಯಿತು.

ಮಧ್ಯಾಹ್ನಕ್ಕೆ ಬಂದ, ಗರಗಸದ ಮಿಲ್ಲಿನ ಓಸ್ಮರೀನೊನ ಮಗ.
ಎರಡು ಪೀಪಾಯಿ ಡೀಸೆಲ್, ಒಂದು ಮಂಜುಗಡ್ಡೆ,
ಬಾಳೆಲೆಯಲ್ಲಿ ಸುಟ್ಟ ಮೀನು.
"ಅಪ್ಪ ಕಳಿಸಿದ್ದು. ಕೇಸಿನ ಮಾತಲ್ಲ, ನೆರೆಹೊರೆಯ ಮಾತು."
"ಲೀಟರಿಗೆ ಎಷ್ಟು?" ಅಂದರು ಜುಲೈಡೆ.
"ಅಯ್ಯೋ, ದುಡ್ಡಾ?"
"ಹಾಗಾದರೆ ಬೇಡ."
ಮಂಜುಗಡ್ಡೆ ಅವನ ದೋಣಿಯಲ್ಲೇ ಕರಗುತ್ತ ವಾಪಸಾಯಿತು.
ನನ್ನ ನಾಲಿಗೆ ಅದರ ಹಿಂದೆಯೇ ಒಂದಷ್ಟು ದೂರ ಈಜಿತು.

ಸಂಜೆ ಡೊರಾಲಿಸೆ ಹುಟ್ಟು ಹಾಕುತ್ತ ಬಂದಳು,
ಆ ಮಿಲ್ಲಿನಲ್ಲೇ ಬಲಗೈಯ ಬೆರಳು ಕಳಕೊಂಡ ಹುಡುಗನ ತಾಯಿ.
ಬುಟ್ಟಿ ತುಂಬ ಅಸಾಯಿ ಹಣ್ಣು, ಕಪ್ಪಗೆ, ಈಗಷ್ಟೇ ಕಿತ್ತದ್ದು.
ಇವಳದನ್ನಾದರೂ ತಗೊಳ್ಳುತ್ತಾರೆ ಅಂದುಕೊಂಡೆ.
ಬಡವಿಯ ಬುಟ್ಟಿಗೂ ಹಂಗಿರುತ್ತದೆಯೇ?
"ಇರುತ್ತದೆ," ಅಂದರು, ನಾನು ಕೇಳದೆಯೇ.
ಡೊರಾಲಿಸೆಯ ಮುಖ ಇಳಿದದ್ದನ್ನು
ಯಾವ ಕಡತದಲ್ಲಿ ಬರೆಯಲಿ?

ರಾತ್ರಿ ಧ್ವಜಸ್ತಂಭದ ತುದಿಗೆ ಕಟ್ಟಿದ ಫೋನು ಕೂಗಿತು.
ರಾಜಧಾನಿಯ ದೊಡ್ಡ ಕುರ್ಚಿಯೊಂದರ ಕಾರ್ಯದರ್ಶಿ.
ಆರೋಗ್ಯ ಹೇಗಿದೆ, ನದಿ ಹೇಗಿದೆ,
ಓಸ್ಮರೀನೊ ಒಳ್ಳೆಯವರು, ನೂರು ಜನಕ್ಕೆ ಅನ್ನ,
ಮುಂದಿನ ವರ್ಷ ನಗರಕ್ಕೆ ವರ್ಗಾವಣೆ ಇಷ್ಟವೇ...
ಅವರು ಕೊನೆಯವರೆಗೂ ಕೇಳಿದರು. ಆಮೇಲೆ ನನಗೆ:
"ಬರೆದುಕೊ. ಕರೆ ಬಂದ ಹೊತ್ತು, ಕರೆದವರ ಹೆಸರು.
ಎರಡೂ ಕಡೆಯವರು ಓದುವಂತೆ ಕಡತಕ್ಕೆ ಸೇರಿಸು."
ಕೈ ನಡುಗುತ್ತಿತ್ತು. ನನ್ನದಲ್ಲ, ಅವರದು;
ಲಾಟೀನಿನ ಬೆಳಕಲ್ಲಿ ನೋಡಿದೆ.

"ಈಗೇನು ಮಾಡೋಣ?"
"ಉಬ್ಬರ ಬರಲಿ.
ಅದು ಯಾರ ಉಪ್ಪನ್ನೂ ತಿಂದಿಲ್ಲ."
ಕಡಲಿನದೇ ಉಪ್ಪಲ್ಲವೇ ಅನ್ನಲು ಹೋಗಿ ಸುಮ್ಮನಾದೆ.
ಎರಡೂ ಮುಕ್ಕಾಲಿಗೆ ಅಡಿಯಲ್ಲಿ ಗುಳುಗುಳು ಸದ್ದು;
ದೋಣಿ ಎದ್ದಿತು, ನಿದ್ದೆಯಿಂದೆದ್ದ ಎಮ್ಮೆಯ ಹಾಗೆ,
ಹಿಂಗಾಲು ಮೊದಲು.
ನಾವು ಬರೀ ಗಣೆ ಹಿಡಿದೆವು. ನೀರೇ ಊರು ಮುಟ್ಟಿಸಿತು.

ಬೆಳಿಗ್ಗೆ ಪ್ಲಾಸ್ಟಿಕ್ ಮೇಜು, ನಿಲುವಂಗಿ, ಸ್ವಲ್ಪ ಮೀನಿನ ವಾಸನೆ.
ತೀರ್ಪು: ಬೆರಳುಗಳಿಗೆ ಪರಿಹಾರ ಕೊಡತಕ್ಕದ್ದು.
ಮಿಲ್ಲಿನ ಹಿಂದಿನ ಜಾಗ ತನ್ನದೆಂಬ
ಡೊರಾಲಿಸೆಯ ಮಾತಿಗೆ ಆಧಾರ ಸಾಲದು; ವಜಾ.
ಓಸ್ಮರೀನೊ ಉಗುಳಿದ. ಡೊರಾಲಿಸೆಯೂ ಅತ್ತಳು.
ನಾನಾಗಿದ್ದರೆ ಜಾಗವನ್ನೂ ಕೊಡುತ್ತಿದ್ದೆ.
ಬಹುಶಃ ಅದಕ್ಕೇ ನಾನು ಗುಮಾಸ್ತ.

ಪ್ರತಿ ತಲುಪಿದ್ದಕ್ಕೆ ಗುರುತು ಬೇಕು.
ಅಭ್ಯಾಸಬಲದಿಂದ ಹುಡುಗನಿಗೆ ಹೇಳಿಬಿಟ್ಟೆ:
"ಬಲಗೈ ಹೆಬ್ಬೆಟ್ಟು ಒತ್ತಪ್ಪಾ."
ಅವನು ನನ್ನನ್ನೇ ನೋಡಿದ.
ಆಮೇಲೆ ಮೆಲ್ಲಗೆ, ನನ್ನ ಮುಜುಗರ ಮುಚ್ಚುವವನಂತೆ,
ಎಡಗೈ ಚಾಚಿದ.

ಹೊರಡುವಾಗ ಕಟ್ಟೆಯ ಮೇಲೆ ಬುಟ್ಟಿ ಇತ್ತು,
ಅದೇ ಅಸಾಯಿ. ಯಾರೂ ಕಾವಲಿರಲಿಲ್ಲ.
"ಕೇಸು ಮುಗಿಯಿತಲ್ಲ, ಈಗ ತಿನ್ನಬಹುದೇ?"
"ಮೇಲ್ಮನವಿಗೆ ಇನ್ನೂ ದಿನಗಳಿವೆ," ಅಂದರು.
ಅಸಾಯಿ ಒಂದು ದಿನಕ್ಕಿಂತ ತಡೆಯುವುದಿಲ್ಲ.
ಅವರಿಗೂ ಗೊತ್ತು; ಈ ನದಿಯಲ್ಲೇ ಬೆಳೆದವರು.
ಬುಟ್ಟಿ ಚಿಕ್ಕದಾಗುವವರೆಗೂ
ಹಿಂದಕ್ಕೇ ತಿರುಗಿ ಕೂತಿದ್ದರು.